ಕರೆಂಟ್ ಮೂರು ದಿನ ಬರದಿದ್ದರೆ? ಸೋಲಾರ್, ಗಡಿಗೆ ಮತ್ತು ಕಲಬುರಗಿಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ನಾನು ಮಾತಾಡ್ತಿರೋದು ಕಲಬುರಗಿಯಿಂದ.

ಕೆಲವು ತಿಂಗಳಿಂದ ಕೇಳುಗರ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. ‘ಪ್ರವಾಹ, ಬಿರುಗಾಳಿ, ಬೇಸಿಗೆಯ ಕರೆಂಟ್ ಕಟ್ ಇವಕ್ಕೆಲ್ಲ ಮನೆ ಸಜ್ಜಾಗಿರಬೇಕು ಅಂದ್ರೆ ಸೋಲಾರ್ ಹಾಕಿಸೋದು ಒಳ್ಳೇದಾ, ಇಲ್ಲಾ ಕರೆಂಟೇ ಬೇಡದ ಹಾಗೆ, ಅಜ್ಜ-ಅಜ್ಜಿ ಕಾಲದವರ ಥರ ಬದುಕೋದನ್ನ ಕಲಿಯೋದು ಒಳ್ಳೇದಾ?’ ಅಂತ. ಎರಡೂ ಕಡೆ ವಕೀಲರಿದ್ದಾರೆ. ಯೂಟ್ಯೂಬ್ ತೆರೆದರೆ ಒಬ್ಬರು ಲಿಥಿಯಂ ಬ್ಯಾಟರಿ ತೋರಿಸ್ತಾರೆ, ಇನ್ನೊಬ್ಬರು ಬೀಸುವ ಕಲ್ಲು ತೋರಿಸ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ನೀರು, ಊಟ, ತಂಪು – ಈ ಮೂರನ್ನು ಕರೆಂಟ್ ಇಲ್ಲದೆ ನಡೆಯುವ ಹಾಗೆ ಮಾಡಿಕೊಳ್ಳಿ. ಬೆಳಕು, ಫೋನು, ಔಷಧಿಗೆ ಸಂಬಂಧಿಸಿದ ಸಣ್ಣ ಯಂತ್ರ – ಇವಕ್ಕೆ ಬ್ಯಾಟರಿ ಇರುವ ಸಣ್ಣ ಸೋಲಾರ್ ಇಟ್ಟುಕೊಳ್ಳಿ. ಯಾಕೆ ಹೀಗೆ ಹಂಚಬೇಕು, ಬಾಡಿಗೆ ಮನೆಯವರು ಏನು ಮಾಡಬೇಕು, ಹೊಲ-ಮನೆ ಇರುವವರು ಏನು ಮಾಡಬೇಕು ಅನ್ನೋದೇ ಇವತ್ತಿನ ಮಾತು.

ನಮ್ಮ ಜಿಲ್ಲೆಯ ಆಪತ್ತುಗಳು ಯಾವುವು?

ಸಾಮಾನು ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಯಾವ ಆಪತ್ತಿಗೆ? ನಮ್ಮ ಕಡೆ ಅವು ಮೂರು ಥರ ಬರ್ತವೆ, ಮೂರೂ ಬೇರೆ ಬೇರೆ.

ಒಂದು, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42, 43 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಸರ್ಕಾರವೇ ಆ ಎರಡು ತಿಂಗಳು ಕಚೇರಿ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತೆ. ಇಂಥ ಹೊತ್ತಲ್ಲಿ ಫ್ಯಾನ್ ನಿಂತರೆ ನಮಗೆ ನಿಮಗೆ ಕಿರಿಕಿರಿ ಅಷ್ಟೇ. ಮನೆಯಲ್ಲಿ ಎಂಬತ್ತು ವರ್ಷದ ಅಜ್ಜಿಯೋ ಎಳೆ ಕೂಸೋ ಇದ್ದರೆ ಅದು ಜೀವದ ಪ್ರಶ್ನೆ.

ಎರಡು, ನೀರು. 2020ರ ಅಕ್ಟೋಬರ್ ನೆನಪಿದೆಯಾ? ಇಲ್ಲೂ ಭಾರಿ ಮಳೆ, ಮೇಲಿಂದ ಮಹಾರಾಷ್ಟ್ರದ ಉಜನಿ ಜಲಾಶಯದ ನೀರು. ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ, ಚಿತ್ತಾಪುರ ಕಡೆಯ ನದಿದಂಡೆಯ ಊರುಗಳಿಗೆ ನುಗ್ಗಿತು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ ಭೀಮಾ, ಅದೇ ಗೋಳು. ಪ್ರವಾಹ ಬಂದಾಗ ಕಂಬ ಬಿದ್ದು ಕರೆಂಟ್ ಹೋಗೋದು ಒಂದು; ನೀರು ನಿಂತ ಕಡೆ ಜನರಿಗೆ ಶಾಕ್ ಹೊಡೆಯಬಾರದು ಅಂತ ಲೈನನ್ನು ಬೇಕಂತಲೇ ಬಂದ್ ಮಾಡೋದು ಇನ್ನೊಂದು. ಎರಡನೆಯದು ತಪ್ಪಲ್ಲ, ಮಾಡಲೇಬೇಕಾದ ಕೆಲಸ. ಆದರೆ ಕತ್ತಲೆ ಮಾತ್ರ ಎರಡರಲ್ಲೂ ಒಂದೇ.

ಮೂರು, ಭೂಮಿ ನಡುಗೋದು. 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರ ಸುತ್ತಮುತ್ತ 4ರ ಆಸುಪಾಸಿನ ತೀವ್ರತೆಯ ಕಂಪನ ಆದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಎಷ್ಟೋ ಮಂದಿ ಊರನ್ನೇ ಬಿಟ್ಟರು. ಮನೆಯೊಳಗೆ ಹೋಗೋಕೇ ಹೆದರಿಕೆ ಅಂದ ಮೇಲೆ ಛಾವಣಿ ಮೇಲಿನ ಸೋಲಾರ್ ಇದ್ದೇನು, ಅಡುಗೆಮನೆಯ ರಂಜಣಗಿ ಇದ್ದೇನು?

ಗಮನಿಸಿ, ಬೇಸಿಗೆಯ ಆಪತ್ತಲ್ಲಿ ಬಿಸಿಲು ಭರಪೂರ ಇರುತ್ತೆ, ಸೋಲಾರ್ ಚೆನ್ನಾಗಿ ಕೆಲಸ ಮಾಡುತ್ತೆ. ಪ್ರವಾಹದ ಹೊತ್ತಲ್ಲಿ ವಾರಗಟ್ಟಲೆ ಮೋಡ, ಸೋಲಾರ್ ಕುಂಟುತ್ತೆ. ಭೂಕಂಪದಲ್ಲಿ ಎರಡು ನಿಮಿಷದಲ್ಲಿ ಕೈಗೆ ಸಿಕ್ಕಿದ್ದಷ್ಟೇ ನಮ್ಮದು. ಒಂದೇ ಸಾಮಾನು ಮೂರಕ್ಕೂ ಸಾಲುತ್ತೆ ಅಂತ ಅಂಗಡಿಯವರು ಯಾರಾದ್ರೂ ಹೇಳಿದರೆ ನಂಬಬೇಡಿ.

ಛಾವಣಿ ತುಂಬಾ ಪ್ಯಾನೆಲ್, ಮನೆ ತುಂಬಾ ಕತ್ತಲೆ

ಈಗ ಸೋಲಾರ್ ವಿಷಯಕ್ಕೆ ಬರೋಣ. ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ.

2024ರ ಫೆಬ್ರವರಿಯಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಹೆಚ್ಚೆಂದರೆ 78,000 ರೂಪಾಯಿ ಸಹಾಯಧನ. ಊರಲ್ಲಿ ಅಲ್ಲಲ್ಲಿ ಮನೆಗಳ ಮೇಲೆ ನೀಲಿ-ಕಪ್ಪು ಹಲಗೆಗಳು ಕಾಣ್ತಿವೆ, ಒಳ್ಳೆಯದೇ.

ಆದರೆ ಹೀಗೆ ಹಾಕಿಸುವ ಸೋಲಾರ್‌ನಲ್ಲಿ ಹೆಚ್ಚಿನವು ‘ಆನ್‌ಗ್ರಿಡ್’. ಅಂದ್ರೆ ಪ್ಯಾನೆಲ್‌ನ ಕರೆಂಟ್ ನೇರ ಜೆಸ್ಕಾಂ ಲೈನ್ ಜೊತೆ ಸೇರಿಕೊಂಡಿರುತ್ತೆ. ಬ್ಯಾಟರಿ ಇರಲ್ಲ. ಹೊರಗಿನ ಕರೆಂಟ್ ಹೋದ ಕ್ಷಣ ಇದೂ ತಾನಾಗೇ ಬಂದ್ ಆಗುತ್ತೆ. ನೆತ್ತಿ ಸುಡುವ ಬಿಸಿಲಿದ್ದರೂ ಅಷ್ಟೇ. ಇದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದು. ಲೈನ್ ಬಂದ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಸೋಲಾರ್ ಕರೆಂಟ್ ಹೋಗಿ ಹೊಡೆಯಬಾರದಲ್ಲ, ಅದಕ್ಕೆ.

2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಿಗೆ ದೇಶಗಳೇ ಮಧ್ಯಾಹ್ನದ ಹೊತ್ತಲ್ಲಿ ಕತ್ತಲೆಗೆ ಬಿದ್ದವು. ರೈಲು ನಿಂತವು, ಕಾರ್ಡ್ ಪೇಮೆಂಟ್ ನಿಂತಿತು, ಮೊಬೈಲ್ ನೆಟ್‌ವರ್ಕ್ ಕುಸಿಯಿತು. ಛಾವಣಿ ಮೇಲೆ ಸೋಲಾರ್ ಇದ್ದು ಬ್ಯಾಟರಿ ಇಲ್ಲದ ಮನೆಗಳಿಗೂ ಅದೇ ಗತಿ. ಜನ ಅಂಗಡಿಗೆ ಓಡಿ ಕೊಂಡಿದ್ದು ಏನು ಗೊತ್ತಾ? ಸೆಲ್ ಹಾಕುವ ರೇಡಿಯೊ, ಟಾರ್ಚು, ಮೇಣದಬತ್ತಿ.

ನಮ್ಮಲ್ಲೂ ಆಗಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಭಾರತದ ಗ್ರಿಡ್ ಕುಸಿದು 60 ಕೋಟಿಗೂ ಹೆಚ್ಚು ಜನರ ಮೇಲೆ ಅದರ ಬಿಸಿ ತಟ್ಟಿತು. ಆಗ ದಕ್ಷಿಣ ಭಾರತಕ್ಕೆ ಏನೂ ಆಗಲಿಲ್ಲ, ಯಾಕಂದ್ರೆ ನಮ್ಮ ಗ್ರಿಡ್ ಬೇರೆಯೇ ಇತ್ತು. ಅದು ರಾಷ್ಟ್ರೀಯ ಗ್ರಿಡ್ ಜೊತೆ ಸೇರಿದ್ದು 2013ರ ಡಿಸೆಂಬರ್ 31ಕ್ಕೆ. ಸೇರಿಸಿದ ಲೈನ್ ಯಾವುದು? ರಾಯಚೂರು–ಸೊಲ್ಲಾಪುರ, 765 ಕಿಲೋವೋಲ್ಟ್, ನಮ್ಮ ನೆರೆಯದೇ. ಸೇರಿದ್ದರಿಂದ ಲಾಭ ಬಹಳ ಇದೆ, ಇಲ್ಲಿ ಕೊರತೆಯಾದರೆ ಅಲ್ಲಿಂದ ಬರುತ್ತೆ. ಆದರೆ ಈಗ ಇಡೀ ದೇಶ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದೆ ಅನ್ನೋದೂ ನಿಜ.

ಹಾಗಾಗಿ ಒಂದು ಮಾತು ನೆನಪಿಡಿ: ಬಿಲ್ ಉಳಿಸುವ ಸೋಲಾರ್ ಬೇರೆ, ಕತ್ತಲಲ್ಲಿ ಕೈ ಹಿಡಿಯುವ ಸೋಲಾರ್ ಬೇರೆ. ಎರಡನೆಯದಕ್ಕೆ ಬ್ಯಾಟರಿ ಬೇಕು, ‘ಹೈಬ್ರಿಡ್’ ಅಥವಾ ‘ಆಫ್‌ಗ್ರಿಡ್’ ಇನ್ವರ್ಟರ್ ಬೇಕು. ಸೂರ್ಯಘರ್ ಸಹಾಯಧನ ಸಿಗೋದು ಸೋಲಾರ್‌ನ ಕಿಲೋವ್ಯಾಟ್ ಲೆಕ್ಕದಲ್ಲಿ. ಬ್ಯಾಟರಿ ಖರ್ಚು ನಮ್ಮ ಜೇಬಿನದು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದ ಮನೆಯವರಿಗಂತೂ ಬಿಲ್ ಉಳಿಸುವ ಸೋಲಾರ್‌ನಿಂದ ದೊಡ್ಡ ಲಾಭ ಇಲ್ಲ. ಅವರಿಗೆ ಬೇಕಾಗಿರೋದು ಎರಡನೆಯದು, ಅದೂ ಸಣ್ಣದು. ಅಂಗಡಿಯಲ್ಲಿ ಮೊದಲ ಪ್ರಶ್ನೆ ಇದೇ ಇರಲಿ: ‘ಹೊರಗಿನ ಕರೆಂಟ್ ಹೋದ್ರೆ ಇದು ನಡೀತದೇನ್ರೀ?’

ಎಷ್ಟು ಸಣ್ಣದು? ಲೆಕ್ಕ ಹಾಕೋಣ

ಕ್ಯಾಲ್ಕ್ಯುಲೇಟರ್ ತೆಗೀರಿ, ಲೆಕ್ಕ ಸುಲಭ ಇದೆ. ಯಂತ್ರದ ವ್ಯಾಟ್, ಅದು ಓಡುವ ಗಂಟೆ, ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್.

9 ವ್ಯಾಟ್‌ನ ಎರಡು ಎಲ್ಇಡಿ ಬಲ್ಬು ಐದು ಗಂಟೆ ಉರಿದರೆ 90. ಎರಡು ಫೋನ್ ಪೂರ್ತಿ ಚಾರ್ಜ್ ಆಗೋಕೆ ಸುಮಾರು 50. ವೈಫೈ ರೂಟರ್ ಐದು ಗಂಟೆಗೆ 50. ಇಷ್ಟಕ್ಕೆ 190. ಇನ್ನು ಫ್ಯಾನ್. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ರಾತ್ರಿ ಎಂಟು ಗಂಟೆಗೆ 600. ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು, ಅದೇ ಎಂಟು ಗಂಟೆಗೆ 240. ಅಂದ್ರೆ ಒಂದು ಫ್ಯಾನ್ ಬದಲಿಸಿದರೆ ಒಂದು ರಾತ್ರಿಯ ಖರ್ಚು 790ರಿಂದ 430ಕ್ಕೆ ಇಳಿಯುತ್ತೆ. ಹೊಸ ಬ್ಯಾಟರಿ ಕೊಳ್ಳುವುದಕ್ಕಿಂತ ಫ್ಯಾನ್ ಬದಲಿಸೋದು ಅಗ್ಗ.

ಬಹಳ ಮನೆಗಳಲ್ಲಿರುವ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್. ಲೆಕ್ಕಕ್ಕೆ 1,800 ವ್ಯಾಟ್-ಅವರ್. ಆದರೆ ಅದು ಲೆಡ್-ಆಸಿಡ್ ಬ್ಯಾಟರಿ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತೆ. ಹಾಗಾಗಿ 900 ಅಂತ ಹಿಡಿಯಿರಿ. ಜಾಣತನದಿಂದ ಬಳಸಿದರೆ ಎರಡು ರಾತ್ರಿ. ಆಮೇಲೆ? ಅದನ್ನು ತುಂಬಿಸೋಕೆ ಕರೆಂಟ್ ಇಲ್ಲ. ಇಲ್ಲಿ ಸೋಲಾರ್ ಬೇಕಾಗುತ್ತೆ. 100 ವ್ಯಾಟ್‌ನ ಒಂದು ಪ್ಯಾನೆಲ್ ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 400 ವ್ಯಾಟ್-ಅವರ್ ಕೊಡುತ್ತೆ. ಇರುವ ಇನ್ವರ್ಟರ್‌ಗೇ ಎರಡು ಪ್ಯಾನೆಲ್, ಒಂದು ಸೋಲಾರ್ ಚಾರ್ಜ್ ಕಂಟ್ರೋಲರ್ ಸೇರಿಸಿಕೊಂಡರೆ ಬೇಸಿಗೆಯಲ್ಲಿ ದಿನಾ ರಾತ್ರಿ ದೀಪ, ಫೋನು, ಒಂದು ಫ್ಯಾನ್ ನಡೆಯುತ್ತೆ. ಮೋಡದ ದಿನ ಇದರ ಮೂರನೇ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ ಬರುತ್ತೆ. ಅಂಥ ದಿನ ಫ್ಯಾನ್ ಬಿಟ್ಟು ದೀಪ ಮತ್ತು ಫೋನು ಅಷ್ಟೇ.

ಇನ್ನೆರಡು ಸಣ್ಣ ವಿಷಯ. ಕಲಬುರಗಿ ಇರೋದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಓರೆಯಲ್ಲಿರಬೇಕು. ಇನ್ನು, ಬಿಸಿಲು ಹೆಚ್ಚಾದಷ್ಟೂ ಕರೆಂಟ್ ಹೆಚ್ಚು ಅಂದುಕೊಳ್ಳಬೇಡಿ. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. ಮೇ ತಿಂಗಳಲ್ಲಿ ಪ್ಯಾನೆಲ್ ಮುಟ್ಟೋಕೆ ಆಗದಷ್ಟು ಕಾದಾಗ ಉತ್ಪಾದನೆ ಶೇ 10–15ರಷ್ಟು ಇಳಿಯುತ್ತೆ. ಮೇಲೆ ಧೂಳು ಕೂತರೆ ಇನ್ನೂ ಕಡಿಮೆ. ಬೆಳಗಿನ ತಂಪು ಹೊತ್ತಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ.

ಏಸಿ, ಗೀಸರ್, ಮಿಕ್ಸರ್, ಇಸ್ತ್ರಿ ಇವನ್ನ ಈ ಪಟ್ಟಿಯಿಂದ ತೆಗೆದುಬಿಡಿ. ನೀರೆತ್ತುವ ಮೋಟರ್ ಕೂಡ. 5 ಎಚ್‌ಪಿ ಅಂದ್ರೆ 3,700 ವ್ಯಾಟ್, ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಎಳೆಯುತ್ತೆ. ಮನೆಯ ಇನ್ವರ್ಟರ್‌ಗೆ ಅದು ಆಗದ ಕೆಲಸ.

ಕಮಲಾಪುರದ ಕಾಕಾ ಹೇಳಿದ್ದು

ಮೋಟರ್ ಅಂದ ಕೂಡಲೇ ಕಮಲಾಪುರಕ್ಕೆ ಹೋಗೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ 35 ಕಿಲೋಮೀಟರ್ ಆಸುಪಾಸು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಆ ಹಣ್ಣಿಗೆ ಜಿಐ ಟ್ಯಾಗ್ ಇದೆ. ಬಾಳೆ ಅಂದ್ರೆ ನೀರು, ನೀರು ಅಂದ್ರೆ ಮೋಟರ್, ಮೋಟರ್ ಅಂದ್ರೆ ತ್ರೀಫೇಸ್ ಕರೆಂಟ್. ಅಲ್ಲಿ ನಮ್ಮ ಕಾಕಾ ಅವರ ಹೊಲ-ಮನೆ ಇದೆ. ಈ ಸಂಚಿಕೆಗಾಗಿ ಅವರನ್ನೇ ಕೇಳಿದೆ.

‘ಕಾಕಾ, ಮೂರು ದಿನ ಕರೆಂಟ್ ಬರ್ಲಿಲ್ಲಂದ್ರ ಏನ್ ಮಾಡ್ತೀರಿ?’

‘ತಮ್ಮಾ, ಮನ್ಯಾಗ ದೀಪ ಇರ್ಲಿಲ್ಲಂದ್ರ ನಡೀತದ. ದನಕ್ಕ ನೀರ್ ಇರ್ಲಿಲ್ಲಂದ್ರ ನಡೆಯಂಗಿಲ್ಲ.’

ಒಳಗಿಂದ ಕಾಕಿ ಧ್ವನಿ: ‘ಇವ್ರಿಗಿ ದನದ ಚಿಂತಿ. ನನಗ ಬಿಪಿ ಗುಳಗಿ ತೀರಬಾರ್ದು, ರಾತ್ರಿ ಕೈಯಾಗೊಂದು ಬ್ಯಾಟ್ರಿ ಇರಬೇಕು ನೋಡು. ಹಾವು-ಚೇಳು ಕತ್ತಲಾಗ ಕೇಳಿ ಬರ್ತಾವೇನು?’

ಇಬ್ಬರೂ ಸೇರಿ ಇಡೀ ವಿಷಯವನ್ನ ನಾಲ್ಕು ಮಾತಲ್ಲಿ ಮುಗಿಸಿದರು. ಯಾವುದು ನಿಂತರೆ ನಡೆಯುತ್ತೆ, ಯಾವುದು ನಿಂತರೆ ನಡೆಯಲ್ಲ ಅನ್ನೋದನ್ನ ಮೊದಲು ಬೇರೆ ಮಾಡಬೇಕು. ಬೇಸಿಗೆಯಲ್ಲಿ ಒಂದು ಎಮ್ಮೆಗೆ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕು. ನಾಲ್ಕು ದನ ಇದ್ದರೆ ಮೂರು ದಿನಕ್ಕೆ 700 ಲೀಟರ್ ದಾಟುತ್ತೆ. ಅಷ್ಟನ್ನು ಕೊಡದಲ್ಲಿ ಹೊರೋಕೆ ಆಗುತ್ತಾ?

ಕಾಕಾ ಅವರ ಮನೆಯಲ್ಲಿ ಇದಕ್ಕೆ ಪರಿಹಾರ ಎತ್ತರದಲ್ಲಿ ಕಟ್ಟಿದ ಒಂದು ಸಿಮೆಂಟ್ ಟಾಕಿ. ತ್ರೀಫೇಸ್ ಬಂದಾಗ ಮೊದಲು ಅದು ತುಂಬಬೇಕು, ಆಮೇಲೆ ಬಾಳೆಗೆ. ಅಲ್ಲಿಂದ ಮನೆಗೆ, ದನದ ದೋಣಿಗೆ ನೀರು ತಾನಾಗೇ ಇಳಿಯುತ್ತೆ. ಕರೆಂಟನ್ನು ಬ್ಯಾಟರಿಯಲ್ಲಿ ಕೂಡಿಡೋದು ದುಬಾರಿ. ಎತ್ತರದ ಟಾಕಿಯಲ್ಲಿ ನೀರಾಗಿ ಕೂಡಿಟ್ಟರೆ ಅದು ಸವೆಯಲ್ಲ, ಐದು ವರ್ಷಕ್ಕೊಮ್ಮೆ ಬದಲಿಸಬೇಕಾಗಿಯೂ ಇಲ್ಲ.

ಸೋಲಾರ್ ಪಂಪಿನ ವಿಚಾರ ಇಲ್ಲಿ ಚೆನ್ನಾಗಿ ಹೊಂದುತ್ತೆ. ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50 ಕೊಡುತ್ತೆ, ರೈತರ ಪಾಲು ಶೇ 20. ಈ ಪಂಪಿಗೆ ಹೊರಗಿನ ಲೈನ್ ಬೇಡ, ಬ್ಯಾಟರಿಯೂ ಬೇಡ. ಬಿಸಿಲಿದ್ದಷ್ಟು ಹೊತ್ತು ಎತ್ತುತ್ತೆ, ಟಾಕಿ ತುಂಬುತ್ತೆ. ಸೋಲಾರ್ ಮತ್ತು ಟಾಕಿ ಜೋಡಿಯಾದರೆ ಎಂಥ ಕರೆಂಟ್ ಕಟ್ ಬಂದರೂ ದನ ಬಾಯಾರಿ ನಿಲ್ಲಲ್ಲ.

ಇನ್ನೊಂದು ಹಳೆಯ ಸಾಧನ ನಮ್ಮ ಕಣ್ಣೆದುರೇ ಮಾಯ ಆಗ್ತಿದೆ: ಕೈಪಂಪು, ನಮ್ಮ ಕಡೆ ಬೋರಿಂಗ್ ಅಂತೀವಲ್ಲ, ಅದು. ಎಷ್ಟೋ ಊರಲ್ಲಿ ಅದೇ ಕೊಳವೆಬಾವಿಗೆ ಮೋಟರ್ ಇಳಿಸಿ ಕೈಪಂಪನ್ನು ಕಿತ್ತು ಒಗೆದಿದ್ದಾರೆ. ದಿನನಿತ್ಯಕ್ಕೆ ಮೋಟರ್ ಸುಖ, ಸಂಶಯ ಇಲ್ಲ. ಆದರೆ ನಿಮ್ಮ ಓಣಿಯಲ್ಲಿ ಕೆಲಸ ಮಾಡುವ ಒಂದು ಬೋರಿಂಗ್ ಇನ್ನೂ ಉಳಿದಿದ್ದರೆ ಅದನ್ನು ಕೀಳೋಕೆ ಬಿಡಬೇಡಿ. ವಾಷರ್ ಹೋಗಿದ್ದರೆ ಪಂಚಾಯಿತಿಗೆ ಹೇಳಿ ಹಾಕಿಸಿ. ಲಕ್ಷದ ಬ್ಯಾಟರಿ ಮಾಡದ ಕೆಲಸವನ್ನ ಆ ವಾಷರ್ ಮಾಡುತ್ತೆ.

ಗಡಿಗೆ ಎಲ್ಲಿ ಗೆಲ್ಲುತ್ತೆ

ಮತ್ತೆ ಊರಿನ ಬಿಸಿಲಿಗೆ ಬರೋಣ. ಫ್ರಿಜ್ ನಿಂತಾಗ ಮೊದಲು ನೆನಪಾಗೋದು ತಣ್ಣೀರು. ಆದರೆ ಇನ್ಸುಲಿನ್ ತಗೊಳ್ಳುವವರ ಮನೆಯಲ್ಲಿ ಮೊದಲು ನೆನಪಾಗೋದು ಬೇರೆ.

ಬಳಸಲು ಶುರು ಮಾಡಿದ ಇನ್ಸುಲಿನ್ ಅನ್ನು ಸಾಮಾನ್ಯವಾಗಿ 25–30 ಡಿಗ್ರಿ ಒಳಗಿಟ್ಟರೆ ಸುಮಾರು ನಾಲ್ಕು ವಾರ ಬಳಸಬಹುದು. ನಿಮ್ಮ ಬಾಟಲಿಯ ಮೇಲೆ ಎಷ್ಟು ಬರೆದಿದೆ ನೋಡಿಕೊಳ್ಳಿ, ವೈದ್ಯರನ್ನೂ ಕೇಳಿ. ಸಮಸ್ಯೆ ಏನಂದ್ರೆ ಮೇ ತಿಂಗಳ ಕಲಬುರಗಿಯಲ್ಲಿ ಮನೆಯೊಳಗೇ 38, 40. ಇಲ್ಲಿ ಮಣ್ಣಿನ ಗಡಿಗೆ ಕೆಲಸಕ್ಕೆ ಬರುತ್ತೆ. ದೊಡ್ಡ ಗಡಿಗೆ ಒಳಗೆ ಸಣ್ಣ ಗಡಿಗೆ, ನಡುವೆ ಉಸುಕು, ಉಸುಕಿಗೆ ದಿನಕ್ಕೆರಡು ಸಲ ನೀರು, ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗಬೇಕಾದರೆ ಕಾವನ್ನ ಎಳೆದುಕೊಂಡೇ ಹೋಗಬೇಕು, ಹಾಗಾಗಿ ಒಳಗೆ ತಂಪು. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಇದನ್ನೇ ತರಕಾರಿ ಉಳಿಸೋಕೆ ಊರೂರಿಗೆ ಹಂಚಿ ಜಗತ್ತಿನ ಮನ್ನಣೆ ಪಡೆದರು. ಗುಜರಾತಿನ ಮನ್ಸುಖ್‌ಭಾಯಿ ಪ್ರಜಾಪತಿ ಮಣ್ಣಿನ ಫ್ರಿಜ್ಜನ್ನೇ ಮಾಡಿ ‘ಮಿಟ್ಟಿಕೂಲ್’ ಅಂತ ಮಾರಿದರು. ಔಷಧಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಒಳಗಿಡಿ, ಜೊತೆಗೊಂದು ಸಣ್ಣ ಥರ್ಮಾಮೀಟರ್ ಇಡಿ. ಎಷ್ಟು ಡಿಗ್ರಿ ಅಂತ ಕಣ್ಣಾರೆ ನೋಡದೆ ಊಹೆಯ ಮೇಲೆ ಔಷಧಿ ಬಿಡಬಾರದು. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರೋದ್ರಿಂದ ಈ ಉಪಾಯ ಅಷ್ಟು ನಡೆಯಲ್ಲ, ಆದರೆ ಆಗ ಅಂಥ ಸೆಕೆಯೂ ಇರಲ್ಲ.

ಅಜ್ಜಿಯ ವಿಷಯಕ್ಕೂ ಅದೇ ಸೂತ್ರ. 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಬೀಸುತ್ತೆ. ಕತ್ತು, ಕೈ, ಕಾಲಿಗೆ ಒದ್ದೆ ಬಟ್ಟೆ ಸುತ್ತಿ ಬೀಸಣಿಗೆಯಲ್ಲಿ ಗಾಳಿ ಹಾಕಿದರೂ ಅದಕ್ಕಿಂತ ತಂಪು. ಮಧ್ಯಾಹ್ನ ಕಿಟಕಿ ಮುಚ್ಚಿ, ರಾತ್ರಿ ತೆಗೀರಿ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದಲ್ಲಿ ಮಟ್ಟಸವಾಗಿ ಅಳೆದು ಕಲಸಿ ಇಟ್ಟುಕೊಳ್ಳಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗಲಿಬಿಲಿಯಾದರೆ ಮನೆಮದ್ದು ಸಾಕು, 108ಕ್ಕೆ ಫೋನ್ ಮಾಡಿ. ಆ ಒಂದು ಕರೆಗಾಗಿ ಫೋನಲ್ಲಿ ಚಾರ್ಜ್ ಇರಬೇಕು, ನೋಡಿ. ಗಡಿಗೆಯೂ ಬೇಕು, ಪ್ಯಾನೆಲೂ ಬೇಕು ಅನ್ನೋದು ಇದಕ್ಕೇ.

ಊಟದ ಮಾತು ನಮಗೆ ಹೇಳಿಕೊಡಬೇಕಾ? ಖಡಕ್ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡಲ್ಲ. ಶೇಂಗಾ ಹಿಂಡಿ, ಬೆಲ್ಲ, ಹುರಿಗಡಲೆ ಇದ್ದರೆ ಒಲೆ ಹಚ್ಚದೆ ಹೊಟ್ಟೆ ತುಂಬುತ್ತೆ. ಅಜ್ಜ-ಮುತ್ತಜ್ಜರು ಹಗೇವಿನಲ್ಲಿ ವರ್ಷಗಟ್ಟಲೆಯ ಜೋಳ ಕೂಡಿಡುತ್ತಿದ್ದರು. ರೊಟ್ಟಿ ಬಡಿಯೋಕೆ ಬರದಿದ್ದರೂ ಚಿಂತೆ ಇಲ್ಲ; ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಡಿದ ‘ಕಲಬುರಗಿ ರೊಟ್ಟಿ’ ಪ್ಯಾಕೆಟ್ಟಲ್ಲೇ ಸಿಗುತ್ತೆ. ವಿದೇಶಿ ವಿಡಿಯೊದವರು ಸಾವಿರಾರು ರೂಪಾಯಿಗೆ ಮಾರುವ ಆಪತ್ಕಾಲದ ಊಟ ನಮ್ಮ ಓಣಿಯಲ್ಲೇ ಇದೆ.

ಹಳೆಯದೆಲ್ಲ ಚಿನ್ನ ಅಲ್ಲ

ಇಷ್ಟು ಕೇಳಿದ ಮೇಲೆ ‘ಹಾಗಾದ್ರೆ ಹಳೆ ಕಾಲವೇ ಚೆಂದ’ ಅಂದುಕೊಳ್ಳಬೇಡಿ.

1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಜನ ಮಲಗಿದ್ದ ರಾತ್ರಿ. ನಸುಕಿನ ನಾಲ್ಕರ ಹೊತ್ತಿಗೆ ನಮ್ಮ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿ ಕಡೆ ಭೂಮಿ ನಡುಗಿತು. ಹತ್ತಿರ ಹತ್ತಿರ 10,000 ಜನ ಸತ್ತರು. ಕೊಂದದ್ದು ಬಹುಪಾಲು ಮನೆಗಳೇ: ದಪ್ಪ ಕಲ್ಲು-ಮಣ್ಣಿನ ಗೋಡೆ, ಮೇಲೆ ಮೊಳದುದ್ದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಅಷ್ಟು ತಂಪಾಗಿಡುವ ಅದೇ ಭಾರ ಮಲಗಿದವರ ಮೇಲೆ ಬಿತ್ತು. ನಮ್ಮ ಹಳ್ಳಿಗಳಲ್ಲಿ ಅಂಥ ಮನೆಗಳು ಇನ್ನೂ ಇವೆ. ಗೋಡೆ ಉಬ್ಬಿದೆಯಾ, ಮೂಲೆ ಬಿರುಕು ಬಿಟ್ಟಿದೆಯಾ, ವರ್ಷ ವರ್ಷ ಹಾಕಿದ ಮಣ್ಣಿನಿಂದ ಮಾಳಿಗೆ ಭಾರ ಹೆಚ್ಚಾಗಿದೆಯಾ ಅಂತ ತಿಳಿದವರಿಂದ ನೋಡಿಸಿ. ಮಾಳಿಗೆ ಮೇಲೆ ಟಾಕಿ, ಬ್ಯಾಟರಿ, ಪ್ಯಾನೆಲ್ ಏರಿಸುವ ಮುಂಚೆಯಂತೂ ನೋಡಿಸಲೇಬೇಕು. ಸಾವಿರ ಲೀಟರ್ ನೀರು ಅಂದ್ರೆ ಒಂದು ಟನ್.

ಬೆಳಕಿನ ವಿಷಯದಲ್ಲೂ ಅಷ್ಟೇ. ಚಿಮಣಿ, ಕಂದೀಲು ನೋಡೋಕೆ ಚೆಂದ. ಅದರ ಹೊಗೆ ಮಕ್ಕಳ ಎದೆಗೆ ಹೋಗುತ್ತೆ, ಉರುಳಿದರೆ ಮನೆ ಸುಡುತ್ತೆ, ಚಿಮಣಿ ಎಣ್ಣೆ ಸಿಗೋದೂ ಈಗ ಕಷ್ಟ. ಸೊಳ್ಳೆಪರದೆಯ ಪಕ್ಕ ಮೇಣದಬತ್ತಿ ಇಟ್ಟು ಮಲಗುವ ರೂಢಿ ಬಿಟ್ಟುಬಿಡಿ. ಇಲ್ಲಿ ಸಣ್ಣ ಸೋಲಾರ್ ದೀಪಕ್ಕೆ ಎದುರಿಲ್ಲ. ಹಾಗೇ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ, ಮನೆಯೊಳಗೆ ಅಥವಾ ಕಿಟಕಿ ಪಕ್ಕ ಜನರೇಟರ್ – ಎರಡೂ ಬೇಡವೇ ಬೇಡ. ಅವುಗಳ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳಲ್ಲ.

ಬಾಡಿಗೆ ಮನೆಯವರಿಗೆ

ನಮ್ಮ ಕೇಳುಗರಲ್ಲಿ ಹೆಚ್ಚಿನವರು ಪಿಜಿ, ಹಾಸ್ಟೆಲ್, ಬಾಡಿಗೆ ಮನೆಯವರು. ನಾನೂ ಬಾಡಿಗೆಯವನೇ. ಛಾವಣಿ ನಮ್ಮದಲ್ಲ, ಅಂಗಳ ಇಲ್ಲ, ನಾಳೆ ಮನೆ ಬದಲಿಸಬೇಕಾಗಬಹುದು. ನಮಗೆ ಗೋಡೆಗೆ ಮೊಳೆ ಹೊಡೆಯದ, ಚೀಲದಲ್ಲಿ ಹಿಡಿಯುವ ವ್ಯವಸ್ಥೆ ಬೇಕು.

ಒಂದು, ನೀರು. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ಹಿಡಿದರೂ ನಾಲ್ವರಿಗೆ ಮೂರು ದಿನಕ್ಕೆ 60 ಲೀಟರ್, ಅಂದ್ರೆ 20 ಲೀಟರ್‌ನ ಮೂರು ಕ್ಯಾನ್. ನಳ ಬಂದ ದಿನ ಹಳೆಯದನ್ನು ಬಳಸಿ ಹೊಸದು ತುಂಬಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಸಂಜೆ ಹೊತ್ತಿಗೆ ಮೇಲಿನ ಟ್ಯಾಂಕ್ ತುಂಬಿರಬೇಕು ಅನ್ನೋದನ್ನ ಎಲ್ಲರೂ ಸೇರಿ ನಿಯಮ ಮಾಡಿಕೊಳ್ಳಿ. ಲಿಫ್ಟ್ ನಿಂತರೆ ಮೇಲಿನ ಮಹಡಿಯ ವಯಸ್ಸಾದವರಿಗೆ ನೀರು ಒಯ್ದುಕೊಡುವವರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ.

ಎರಡು, ಬೆಳಕು ಮತ್ತು ಫೋನು. 20,000 ಎಂಎಎಚ್‌ನ ಒಂದು ಪವರ್‌ಬ್ಯಾಂಕ್ ಮಾಮೂಲಿ ಫೋನನ್ನ ಎರಡೂವರೆ ಸಲ ತುಂಬಿಸುತ್ತೆ. ಜೊತೆಗೆ 20 ವ್ಯಾಟ್ ಆಸುಪಾಸಿನ ಮಡಚುವ ಸೋಲಾರ್ ಹಾಳೆ ಇದ್ದರೆ ಬಾಲ್ಕನಿ ಬಿಸಿಲಲ್ಲಿ ಅದನ್ನ ಮತ್ತೆ ತುಂಬಿಸಬಹುದು. ಪವರ್‌ಬ್ಯಾಂಕನ್ನ ಮಾತ್ರ ನೆರಳಲ್ಲಿಡಿ, ನಮ್ಮ ಬಿಸಿಲಿಗೆ ಲಿಥಿಯಂ ಉಬ್ಬಿ ಬಿಡುತ್ತೆ.

ಮೂರು, ಸೆಲ್ ರೇಡಿಯೊ. ಮೊಬೈಲ್ ಟವರ್‌ಗಳೂ ಬ್ಯಾಟರಿ, ಡೀಸೆಲ್ ಮೇಲೆ ಎಷ್ಟು ಹೊತ್ತು ನಿಲ್ಲಬಹುದು? ನೆಟ್‌ವರ್ಕ್ ಹೋದ ಮೇಲೆ ಅಧಿಕೃತ ಸುದ್ದಿಗೆ ಆಕಾಶವಾಣಿಯೇ ಗತಿ. ಪಾಡ್‌ಕಾಸ್ಟ್ ಮಾಡುವವನೇ ರೇಡಿಯೊ ಕೊಳ್ಳಿ ಅಂತಿದ್ದಾನೆ ಅಂದ್ರೆ ಯೋಚನೆ ಮಾಡಿ.

ನಾಲ್ಕು, ಬಾಗಿಲ ಬಳಿ ಒಂದು ಚೀಲ. ವಾರದ ಔಷಧಿ, ಟಾರ್ಚು, ಸಿಳ್ಳೆ, ಸ್ವಲ್ಪ ನಗದು (ಯುಪಿಐ ಆವತ್ತು ನಡೆಯಲ್ಲ), ಆಧಾರ್-ರೇಷನ್ ಕಾರ್ಡ್ ಝೆರಾಕ್ಸ್ ಪ್ಲಾಸ್ಟಿಕ್ ಕವರ್‌ನಲ್ಲಿ, ಒಂದು ಚೀಟಿ ಮೇಲೆ ಮುಖ್ಯ ಫೋನ್ ನಂಬರ್‌ಗಳು. ಅಮ್ಮನ ನಂಬರ್ ಬಾಯಿಪಾಠ ಇದೆಯಾ ನಿಮಗೆ? ತುರ್ತಿಗೆ 112, ಕರೆಂಟ್ ದೂರಿಗೆ 1912. ತುಂಡಾಗಿ ಬಿದ್ದ ತಂತಿ ಕಂಡರೆ ದೂರ ನಿಂತು ಅದೇ ನಂಬರಿಗೆ ತಿಳಿಸಿ.

ಮನೆಯಲ್ಲಿ ಯಾರಾದರೂ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿದ್ದರೆ ಸಣ್ಣ ಸೋಲಾರ್ ಕಿಟ್ ನಂಬಬೇಡಿ. ಆ ಯಂತ್ರ 300 ವ್ಯಾಟ್ ಆಸುಪಾಸು ಹಗಲು-ರಾತ್ರಿ ಎಳೆಯುತ್ತೆ. ಅವರಿಗೆ ಬೇಕಾದದ್ದು ತುಂಬಿದ ಸಿಲಿಂಡರ್, ಮತ್ತು ಯಾವ ಆಸ್ಪತ್ರೆಗೆ ಹೇಗೆ ಹೋಗಬೇಕು ಅನ್ನುವ ಮೊದಲೇ ಮಾಡಿಟ್ಟ ಯೋಜನೆ.

ಈ ವಾರದ ಕೆಲಸ

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲದ್ದು. ಈ ಭಾನುವಾರ ಮನೆಯವರಿಗೆಲ್ಲ ಹೇಳಿ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಮೇನ್ ಸ್ವಿಚ್ ಬಂದ್ ಮಾಡಿ. ವಯಸ್ಸಾದವರು, ಕಾಯಿಲೆಯವರು ಇದ್ದರೆ ಅವರ ಕೋಣೆ ಬಿಟ್ಟು ಮಾಡಿ. ಎಷ್ಟು ಗಂಟೆಗೆ ಯಾವುದು ನಿಂತಿತು, ಯಾರಿಗೆ ತೊಂದರೆಯಾಯಿತು ಅಂತ ಬರೆದಿಡಿ. ಮಧ್ಯಾಹ್ನ ಮೊದಲು ನೀರು ಮುಗಿಯಿತಾ? ಹಾಗಿದ್ದರೆ ನಿಮ್ಮ ಮೊದಲ ಖರ್ಚು ಕ್ಯಾನ್ ಮೇಲೆ. ಸಂಜೆ ಎಲ್ಲರ ಫೋನ್ ಸತ್ತವಾ? ಹಾಗಿದ್ದರೆ ಪವರ್‌ಬ್ಯಾಂಕ್. ಅಜ್ಜಿಗೆ ತಲೆ ಸುತ್ತಿತಾ? ಕೂಡಲೇ ಸ್ವಿಚ್ ಹಾಕಿ, ಫ್ಯಾನಿಗಿಂತ ದೊಡ್ಡದು ಯಾವುದೂ ಇಲ್ಲ ಅಂತ ಪಟ್ಟಿಯ ಮೇಲೆ ಬರೆಯಿರಿ.

ಒಬ್ಬೊಬ್ಬರ ಪಟ್ಟಿ ಒಂದೊಂದು ಥರ ಬರುತ್ತೆ. ಕಮಲಾಪುರದ ಕಾಕಾ ಪಟ್ಟಿಯಲ್ಲಿ ಟಾಕಿ ಮೇಲಿರುತ್ತೆ, ಕಾಕಿ ಪಟ್ಟಿಯಲ್ಲಿ ಗುಳಗಿ ಮತ್ತು ಬ್ಯಾಟ್ರಿ. ಸೋಲಾರೋ ಗಡಿಗೆಯೋ ಅಂತ ಜಗಳ ಆಡುವ ಬದಲು ಆ ಪಟ್ಟಿ ನೋಡಿ, ಮೇಲಿಂದ ಕೆಳಗೆ ಒಂದೊಂದೇ ಮಾಡುತ್ತಾ ಬನ್ನಿ.

ನಿಮ್ಮ ಪಟ್ಟಿಯಲ್ಲಿ ಮೊದಲು ಬಂದದ್ದು ಏನು ಅಂತ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನು ಕೇಳಿಸ್ತೀನಿ. ಮನೆಯ ಹಿರಿಯರಿಗೆ ಎಪ್ಪತ್ತೆರಡರ ಬರ ನೆನಪಿದ್ದರೆ ಅವರನ್ನೂ ಮಾತಾಡಿಸಿ ಕಳಿಸಿ. ಬರ್ತೀನ್ರೀ, ನಮಸ್ಕಾರ.